ಟೆಂಟ್ ಆಮೇಲೆ, ಮೊದಲು ಚಾಪೆ

ಬಯಲಲ್ಲಿ ಒಂದು ರಾತ್ರಿ ಕಳೆಯಲು ಹೊರಟವರು ಎಲ್ಲಕ್ಕಿಂತ ಮೊದಲು ಟೆಂಟ್ ಕೊಳ್ಳುತ್ತಾರೆ. ಆದರೆ ಕೆಆರ್‌ಎಸ್ ಹಿನ್ನೀರಿನ ಪಕ್ಕದ ತೋಟವಾಗಲಿ, ಪಾಂಡವಪುರದ ಕುಂತಿಬೆಟ್ಟದ ತಪ್ಪಲಾಗಲಿ, ನಿದ್ದೆ ಕೆಡಿಸುವುದು ನೆಲದ ತಣುಪು. ಹಾಗಾಗಿ ಖರೀದಿ ನೆಲದಿಂದಲೇ ಶುರುವಾಗಲಿ.

ಫೋಮ್ ಚಾಪೆ ಒಂದು ಸೆಂಟಿಮೀಟರಿಗಿಂತ ತೆಳುವಾಗಿದ್ದರೆ ಬೇಡ. ಗಾಳಿ ತುಂಬುವ ಹಾಸಿಗೆ ಮೆತ್ತಗಿರುತ್ತದೆ ನಿಜ, ಅದಕ್ಕೆ ಒಂದು ಜಾಲಿಮುಳ್ಳು ಸಾಕು. ಮಲಗುವ ಚೀಲದ ಮೇಲೆ ಎರಡು ಮೂರು ಉಷ್ಣಾಂಶ ಬರೆದಿರುತ್ತಾರೆ. ‘ಕಂಫರ್ಟ್’ ಎಂದಿರುವುದನ್ನು ಮಾತ್ರ ನಂಬಿ. ನಮ್ಮಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಹಿಮಾಲಯದ ಚೀಲ ತಂದರೆ ಬೆವರಿ ಏಳುತ್ತೀರಿ. ಮನೆಯಲ್ಲಿ ಒಳ್ಳೆಯ ಕಂಬಳಿ ಇದ್ದರೆ ಈ ಖರ್ಚೇ ಬೇಡ.

ನಂತರ ಕಾಲು ಮತ್ತು ಕಣ್ಣು. ಕಬ್ಬಿನ ಗದ್ದೆಯ ಬದುವಿನಲ್ಲಿ ಕೊಳಕುಮಂಡಲ ಇರುತ್ತದೆ. ಕತ್ತಲಲ್ಲಿ ಚಪ್ಪಲಿ ಮೆಟ್ಟಿ ಓಡಾಡಬೇಡಿ. ಹರಡು ಮುಚ್ಚುವ ಶೂ ತೆಗೆದುಕೊಳ್ಳಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ತಲೆಗೆ ಕಟ್ಟುವ ಟಾರ್ಚ್‌ಗೆ 200 ಲ್ಯೂಮೆನ್ ಬೆಳಕು ಧಾರಾಳ.

ಈಗ ಟೆಂಟ್. ‘ಇಬ್ಬರಿಗೆ’ ಎಂದರೆ ಭುಜಕ್ಕೆ ಭುಜ ತಾಗಿಸಿ ಮಲಗುವ ಇಬ್ಬರು, ಸಾಮಾನಿನ ಚೀಲಗಳಿಗೆ ಜಾಗವಿಲ್ಲ. ಇಬ್ಬರಿದ್ದರೆ ಮೂವರದ್ದು ಕೊಳ್ಳಿ. ಒಂದೇ ಪದರದ ಅಗ್ಗದ ಟೆಂಟ್‌ನಲ್ಲಿ ನಮ್ಮ ಉಸಿರೇ ಹನಿಗಟ್ಟಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಮಳೆ ಸೋರಿತು ಎಂದು ಅಂಗಡಿಯವನಿಗೆ ಬೈಗುಳ. ಎರಡು ಪದರದ್ದು, ಹೊರಬಟ್ಟೆಗೆ ಕನಿಷ್ಠ 2000 ಮಿ.ಮೀ. (ಅಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂದರ್ಥ) ನೀರು ತಡೆಯುವ ಗುಣಮಟ್ಟ ನಮೂದಿಸಿರುವುದು ಸರಿಯಾದ ಆಯ್ಕೆ. ಆದರೂ ಈ ಅಂಕಿಗೆ ಮರುಳಾಗದೆ ಹೊರಬಟ್ಟೆಯನ್ನು ಮಗುಚಿ ನೋಡಿ. ಹೊಲಿಗೆಯ ಉದ್ದಕ್ಕೂ ಪಾರದರ್ಶಕ ಪಟ್ಟಿ ಅಂಟಿಸಿರಬೇಕು. ಇಲ್ಲದಿದ್ದರೆ ಸೂಜಿಯ ತೂತುಗಳಿಂದಲೇ ನೀರು ಒಳಗಿಳಿಯುತ್ತದೆ. ಜಿಪ್ಪನ್ನು ಒಂದೇ ಕೈಯಲ್ಲಿ, ತಿರುವಿನ ಹತ್ತಿರ, ಐದಾರು ಬಾರಿ ಎಳೆಯಿರಿ. ಬಟ್ಟೆ ಕಚ್ಚಿಕೊಂಡರೆ ವಾಪಸ್ ಕೊಡಿ. ಬಂಡೆಯ ಮೇಲೆ ಗೂಟ ಇಳಿಯುವುದಿಲ್ಲ, ಕಲ್ಲಿಗೆ ಬಿಗಿಯಲು ಹಗ್ಗ ಇರಲಿ.

‘ಬೇಟೆ ಕಿಟ್’ ಹೆಸರಿನಲ್ಲಿ ಮಾರುವ ಹಲ್ಲಿನ ಚಾಕು, ಕವಣೆ, ಉರುಳುಗಳ ಮೇಲೆ ಒಂದು ಪೈಸೆಯನ್ನೂ ಸುರಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲ ಹಿಡಿದರೂ ಅಪರಾಧ. ಈರುಳ್ಳಿ ಹೆಚ್ಚಲು, ಹಗ್ಗ ಕತ್ತರಿಸಲು ಮಡಚುವ ಸಣ್ಣ ಚಾಕು ಸಾಕು. ಬಂಡೀಪುರ, ನಾಗರಹೊಳೆ ರಾಷ್ಟ್ರೀಯ ಉದ್ಯಾನಗಳ, ಕಾವೇರಿ ವನ್ಯಧಾಮದ ಒಳಗೆ ಮನಬಂದಲ್ಲಿ ಟೆಂಟ್ ಹಾಕುವಂತಿಲ್ಲ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ಜಂಗಲ್ ಲಾಡ್ಜಸ್‌ನ ಶಿಬಿರವೇ ಇದೆ. ಅಲ್ಲಿಗೆ ಹೋಗುವವರಿಗೆ ಶೂ, ಟಾರ್ಚ್ ಬಿಟ್ಟು ಈ ಪಟ್ಟಿಯ ಬೇರೇನೂ ಬೇಕಾಗಿಲ್ಲ.

ಅಡುಗೆಗೆ ಪುಟ್ಟ ಗ್ಯಾಸ್ ಒಲೆ ಸಾಕು, ಆದರೆ ಟೆಂಟ್ ಒಳಗೆ ಹಚ್ಚಬೇಡಿ; ಒಲೆಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಕುಡಿಯಲು ತಲೆಗೆ ಮೂರು ನಾಲ್ಕು ಲೀಟರ್ ನೀರು ಹೊತ್ತೊಯ್ಯಿರಿ.

ಹೊರಡುವ ಒಂದು ವಾರ ಮೊದಲು ತಾರಸಿಯ ಮೇಲೆ ಟೆಂಟ್ ನಿಲ್ಲಿಸಿ, ಒಂದೆರಡು ಬಕೆಟ್ ನೀರು ಸುರಿದು ನೋಡಿ. ಪೂರ್ತಿ ಒಣಗಿದ ಮೇಲೆಯೇ ಮಡಚಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಅಂಗಡಿಯ ಬಿಲ್ಲನ್ನು ಅಲ್ಲಿಯವರೆಗೆ ಜೋಪಾನವಾಗಿಡಿ.