ಕಿರಿಕ್ ಆಟಗಾರರು ಮತ್ತು ಡಿಎಂ ಕೆಲಸ: ನನ್ನ ಅನುಭವ

ಬೆಂಗಳೂರಿನಲ್ಲಿ ಗೆಳೆಯರ ಒಂದು ಗುಂಪಿಗೆ ಹಲವು ವರ್ಷಗಳಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೇನೆ. ಭಾನುವಾರ ಊಟ ಮುಗಿಸಿ ಕೂತರೆ ಕತ್ತಲಾಗುವವರೆಗೂ ಆಟ. ಗೊತ್ತಿಲ್ಲದವರಿಗೆ ಎರಡು ಮಾತು: ಇದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬೊಬ್ಬರೂ ಒಂದೊಂದು ಪಾತ್ರ ಮಾಡಿಕೊಂಡು ಬರುತ್ತಾರೆ. ಉಳಿದ ಲೋಕವನ್ನೆಲ್ಲ ಡಂಜನ್ ಮಾಸ್ಟರ್, ಅಂದರೆ ಡಿಎಂ, ನಡೆಸುತ್ತಾರೆ. ಅಂದುಕೊಂಡ ಕೆಲಸ ಆಗುತ್ತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇಲ್ಲಿ ಒಬ್ಬರ ಮೇಲೊಬ್ಬರು ಗೆಲ್ಲೋದಿಲ್ಲ. ಒಂದೇ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ.

ಕಷ್ಟ ಇರೋದು ಅಲ್ಲೇ. ಕೇರಂನಲ್ಲಿ ಒಬ್ಬ ಸಿಡುಕಿದರೆ ಆ ಒಂದು ಬೋರ್ಡ್ ಹಾಳಾಗುತ್ತದೆ, ಅಷ್ಟೇ. ಇಲ್ಲಿ ಅದೇ ಜನ ಪ್ರತಿ ವಾರ ಅದೇ ಮೇಜಿಗೆ ಬರಬೇಕು. ಒಬ್ಬರ ಕಿರಿಕಿರಿ ಕಥೆಯೊಳಗೇ ಸೇರಿಕೊಂಡುಬಿಡುತ್ತದೆ.

ಇದಕ್ಕೆ ಡಿಎಂಗಳು ಒಬ್ಬರಿಗೊಬ್ಬರು ಹೇಳುವ ಹಳೇ ಮದ್ದು ಒಂದಿದೆ. ಆಟಗಾರ ಕಾಟ ಕೊಟ್ಟರೆ ಅವನ ಪಾತ್ರದ ಮೇಲೆ ದೊಡ್ಡ ರಾಕ್ಷಸನನ್ನು ಬಿಡು, ಇಲ್ಲ ಕಾವಲುಗಾರರ ಕೈಲಿ ಹಿಡಿಸಿ ಜೈಲಿಗೆ ಹಾಕಿಸು. ನಾನು ಇದನ್ನು ಒಪ್ಪೋದೇ ಇಲ್ಲ. ಪಾತ್ರಕ್ಕೆ ಶಿಕ್ಷೆ ಕೊಟ್ಟರೆ, ಡಿಎಂಗೆ ನನ್ನ ಕಂಡ್ರೆ ಆಗಲ್ಲ ಅಂತ ಆಟಗಾರ ತಿಳಿಯುತ್ತಾನೆ. ಅದಕ್ಕೆ ಉತ್ತರವನ್ನೂ ಪಾತ್ರದ ಕೈಲೇ ಕೊಡಿಸುತ್ತಾನೆ. ಪಾಪ, ಉಳಿದವರು ಇಬ್ಬರ ಜಗಳ ನೋಡುತ್ತಾ ಕೂರಬೇಕು. ಹಾಗಾಗಿ ಯಾರ ಮೇಲೆ ದೂರು ಇದೆಯೋ ಅವರ ಹತ್ತಿರವೇ, ಆಟ ನಿಲ್ಲಿಸಿ, ಬೇರೆಯಾಗಿ ಮಾತಾಡುತ್ತೇನೆ.

ನಮ್ಮಲ್ಲಿ ರೋಗ್ ಆಡುವ ಹುಡುಗ ಒಬ್ಬ ಇದ್ದಾನೆ. ಬೀಗ ತೆಗೆಯೋದು, ಕತ್ತಲಲ್ಲಿ ನುಸುಳೋದು, ಜೇಬಿಗೆ ಕೈ ಹಾಕೋದು ರೋಗ್ ಪಾತ್ರದ ಕಸುಬು. ಒಂದು ದಿನ ಕಥೆಯಲ್ಲಿ ಎಲ್ಲರೂ ಗುಹೆಯೊಂದರಲ್ಲಿ ಮಲಗಿದ್ದರು. ಇವನು ಮೆಲ್ಲಗೆ ನನ್ನ ಕಡೆ ಒಂದು ಚೀಟಿ ತಳ್ಳಿದ. "ಕ್ಲೆರಿಕ್ ಚೀಲದಿಂದ ವಜ್ರ ಎತ್ಕೋತೀನಿ" ಅಂತ ಬರೆದಿತ್ತು.

ಕ್ಲೆರಿಕ್ ಅಂದರೆ ದೇವರ ಶಕ್ತಿಯಿಂದ ಮಂತ್ರ ಹಾಕುವ, ಗಾಯ ವಾಸಿಮಾಡುವ ಪಾತ್ರ. ಆ ವಜ್ರ ಸುಮ್ನೆ ಇಟ್ಟುಕೊಂಡಿದ್ದ ಒಡವೆ ಅಲ್ಲ. ಸತ್ತು ಒಂದು ನಿಮಿಷ ದಾಟದವರನ್ನು ಬದುಕಿಸುವ ರಿವಿವಿಫೈ ಅನ್ನೋ ಮಂತ್ರ ಇದೆ. ಅದಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕೇ ಬೇಕು. ಮಂತ್ರ ಹಾಕಿದ ಮೇಲೆ ವಜ್ರ ಉಳಿಯೋದಿಲ್ಲ. ಕ್ಲೆರಿಕ್ ಆಡುವ ಹುಡುಗಿ ತನ್ನ ಪಾಲಿನ ಹಣವನ್ನೆಲ್ಲ ಕೂಡಿಟ್ಟು ಅದನ್ನು ಕೊಂಡಿದ್ದಳು. ತನ್ನ ಪಾತ್ರಕ್ಕೆ ಒಳ್ಳೆ ಕವಚ ಬೇಕಿದ್ದರೂ ತಗೊಂಡಿರಲಿಲ್ಲ. ನಾಳೆ ಈ ರೋಗ್ ಸತ್ತರೂ ಬದುಕಿಸೋದು ಅದೇ ವಜ್ರ.

ನಾನು ದಾಳ ಹಾಕಿಸಲಿಲ್ಲ. "ಕಾಫಿ ಮಾಡ್ತೀನಿ, ಒಂದು ಹತ್ತು ನಿಮಿಷ" ಅಂತ ಎದ್ದು ಅವನನ್ನೂ ಅಡುಗೆಮನೆಗೆ ಕರೆದೆ.

"ವಜ್ರ ಯಾಕೋ?"

"ನನ್ ಕ್ಯಾರೆಕ್ಟರ್ ಇರೋದೇ ಹಾಗಲ್ವಾ ಅಣ್ಣಾ. ಕಳ್ಳ ಕದೀದೆ ಇನ್ನೇನ್ ಮಾಡ್ತಾನೆ?"

"ಆ ಕ್ಯಾರೆಕ್ಟರ್ ಮಾಡಿದ್ದು ನೀನೇ ತಾನೇ?"

ಸುಮ್ಮನಾದ. ಈ ಆಟ ಆಡಿಸುವ ಎಲ್ಲರೂ ಒಮ್ಮೆಯಾದರೂ ಕೇಳಿರುವ ಮಾತು ಇದು, ನನ್ನ ಪಾತ್ರ ಇರೋದೇ ಹಾಗೆ ಅನ್ನೋದು. ಅದರ ಜೊತೆ ವಾದಕ್ಕೆ ಇಳಿದರೆ ಮುಗಿಯೋದಿಲ್ಲ. ನಾನು ವಿಷಯ ಬದಲಿಸಿ, ಇತ್ತೀಚೆಗೆ ಆಟ ಹೇಗನಿಸುತ್ತಿದೆ ಅಂತ ಕೇಳಿದೆ. ಹಾಲು ಕಾಯುವಷ್ಟರಲ್ಲಿ ನಿಜ ಹೊರಗೆ ಬಂತು. ಗುಂಪು ಆರಿಸಿಕೊಂಡಿದ್ದು ಕಾಡಿನ ದಾರಿ. ಅಲ್ಲಿ ಬೀಗವೂ ಇಲ್ಲ, ಕಾವಲುಗಾರರೂ ಇಲ್ಲ. "ನನ್ ಸರದಿ ಬಂದಾಗ ಒಂದು ಬಾಣ ಬಿಡ್ತೀನಿ, ಆಮೇಲೆ ಫೋನ್ ನೋಡ್ತಾ ಕೂತಿರ್ತೀನಿ" ಅಂದ. ಅವನಿಗೆ ವಜ್ರ ಬೇಕಿರಲಿಲ್ಲ. ತನ್ನ ಪಾತ್ರದ ಕೈಗೆ ಏನಾದರೂ ಕೆಲಸ ಬೇಕಿತ್ತು.

ಮೇಜಿಗೆ ವಾಪಸ್ ಬಂದು ಎಲ್ಲರ ಮುಂದೆ ಒಂದು ನಿಯಮ ಇಟ್ಟೆ. ಒಂದೇ ಗುಂಪಿನವರು ಒಬ್ಬರ ಮೇಲೊಬ್ಬರು ಏನಾದರೂ ಮಾಡಹೊರಟರೆ ದಾಳ ಇಲ್ಲ. ಯಾರ ಮೇಲೆ ಮಾಡುತ್ತಾರೋ ಅವರೇ ಫಲ ಏನಾಯಿತು ಅಂತ ಹೇಳುತ್ತಾರೆ. ಎಲ್ಲರೂ ಒಪ್ಪಿದರು. ರೋಗ್ ಹುಡುಗ ಅಲ್ಲೇ ನಗುತ್ತಾ, "ಹಾಗಾದ್ರೆ ವಜ್ರ ಕದೀತೀನಿ" ಅಂದ. ಕ್ಲೆರಿಕ್ ಹುಡುಗಿ ಒಂದು ಕ್ಷಣ ಯೋಚಿಸಿದಳು. "ತಗೋ, ಸಿಕ್ತು. ಆದ್ರೆ ಅದು ಗಾಜು. ನಿಜವಾದ್ದು ನನ್ ಜಡೇಲಿದೆ, ನೀನಿರೋ ಗುಂಪಲ್ಲಿ ಚೀಲದಲ್ಲಿ ಇಡ್ತೀನಾ?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುಂದಿನ ವಾರಗಳಲ್ಲಿ ಆ ಗಾಜಿನ ಹರಳನ್ನೇ ಅಸಲಿ ಅಂತ ಒಬ್ಬ ಸಾಹುಕಾರನಿಗೆ ಮಾರೋಕೆ ಇಬ್ಬರೂ ಸೇರಿ ಸಂಚು ಹಾಕಿದರು. ನಾನೂ ಆ ಸಾಹುಕಾರನ ಮನೆ ತುಂಬ ಬೀಗಗಳನ್ನು ಇಟ್ಟೆ.

ನಿಯಮದ ವಾದ ಇನ್ನೊಂದು ಥರ. ನಮ್ಮ ಗುಂಪಿನಲ್ಲಿ ವಯಸ್ಸಿನಲ್ಲಿ ಹಿರಿಯರೊಬ್ಬರಿದ್ದಾರೆ. ಪುಸ್ತಕ ಅವರಿಗೆ ಬಾಯಿಪಾಠ. ಆಟದ ಐದನೇ ಆವೃತ್ತಿ 2014ರಲ್ಲಿ ಬಂತು, ಅದನ್ನು ತಿದ್ದಿದ ಪುಸ್ತಕ 2024ರಲ್ಲಿ. ಹಳೆಯದರ ಪ್ರಕಾರ ಗಾಯ ವಾಸಿಮಾಡುವ ಪೋಷನ್ ಕುಡಿಯೋಕೆ, ಕುಡಿಸೋಕೆ ಆ ಸರದಿಯ ಆಕ್ಷನ್ನೇ, ಅಂದರೆ ಒಂದು ಸರದಿಯಲ್ಲಿ ಮಾಡಬಹುದಾದ ಮುಖ್ಯ ಕೆಲಸವೇ, ಖರ್ಚಾಗುತ್ತದೆ. ಹೊಸದರಲ್ಲಿ ಬೋನಸ್ ಆಕ್ಷನ್, ಅಂದರೆ ಅದರ ಜೊತೆಗೆ ಮಾಡಬಹುದಾದ ಸಣ್ಣ ಕೆಲಸ, ಸಾಕು. ಹಾಗಾಗಿ ಕುಡಿಸಿದ ಮೇಲೂ ಕತ್ತಿ ಬೀಸಬಹುದು. ನಮ್ಮಲ್ಲಿ ಕೆಲವರ ಹತ್ತಿರ ಹಳೇ ಪುಸ್ತಕ, ಕೆಲವರ ಹತ್ತಿರ ಹೊಸದು. ಒಂದು ಸಲ ಫೈಟರ್ ಪಾತ್ರ ಪ್ರಾಣ ಹೋಗುವ ಸ್ಥಿತಿಯಲ್ಲಿ ಬಿದ್ದಿದೆ, ಪಕ್ಕದವಳು ಪೋಷನ್ ಕುಡಿಸಿ ಶತ್ರುವನ್ನೂ ಹೊಡೆಯುತ್ತೇನೆ ಅನ್ನುತ್ತಾಳೆ. ಇವರು ಆಗೋದಿಲ್ಲ ಅಂತ ಪುಟ ತಿರುವುತ್ತಾ ಕೂತರು. ಫೈಟರ್ ಆಡುವವನು ದಾಳ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಸರ್, ಇವತ್ತಿಗೆ ಆಗುತ್ತೆ ಅಂತ ಇಟ್ಕೊಳ್ಳೋಣ. ಆಟ ಮುಗಿದ್ಮೇಲೆ ಪುಟ ತೆಗೆಯೋಣ" ಅಂದೆ. ಪಾತ್ರದ ಜೀವ ಹೋಗೋ ಹೊತ್ತಿನಲ್ಲಿ ನಿಯಮದ ಬಗ್ಗೆ ಅನುಮಾನ ಬಂದರೆ ನಾನು ಯಾವಾಗಲೂ ಆಟಗಾರರ ಪರವೇ ತೀರ್ಪು ಕೊಡೋದು. ಆಟ ಮುಗಿದ ಮೇಲೆ ನಿಜವಾಗಿಯೂ ಪುಟ ತೆಗೆದೆವು, ಮುಂದಕ್ಕೆ ಎಲ್ಲರಿಗೂ 2024ರ ಪುಸ್ತಕವೇ ಅಂತ ಆಯಿತು. ಈ "ನಿಜವಾಗಿಯೂ" ಮುಖ್ಯ. ಆಮೇಲೆ ನೋಡೋಣ ಅಂತ ಹೇಳಿ ನೋಡದೇ ಇದ್ದರೆ, ಮುಂದಿನ ಸಲ ಅವರು ಪಟ್ಟು ಬಿಡೋದೇ ಇಲ್ಲ. ಜನ ಇಂಥವರನ್ನು ರೂಲ್ಸ್ ಲಾಯರ್ ಅಂತ ಆಡಿಕೊಳ್ಳುತ್ತಾರೆ. ನನಗೆ ಅವರ ಮೇಲೆ ಗೌರವ ಇದೆ. ಯಾರಿಗೂ ಅನ್ಯಾಯ ಆಗಬಾರದು ಅನ್ನೋದೇ ಅವರ ಹಟ. ಈಗ ಯುದ್ಧದಲ್ಲಿ ಯಾರ ಸರದಿ ಯಾವಾಗ ಅಂತ ಪಟ್ಟಿ ಇಡೋದು ಅವರ ಕೆಲಸ. ನನಗೂ ಎಷ್ಟೋ ಭಾರ ಕಡಿಮೆಯಾಗಿದೆ.

ಎಲ್ಲರ ಮಾತಿನ ಮಧ್ಯೆ ಬಾಯಿ ಹಾಕುವವರಿಗೆ ಬೈಯಬೇಕಾಗಿಲ್ಲ. ಮಾತಾಡದವರನ್ನು ನೇರವಾಗಿ ಕೇಳಿದರೆ ಸಾಕು: "ಬಾಗಿಲ ಹತ್ತಿರ ಇರೋದು ನಿನ್ನ ಡ್ರೂಯಿಡ್. ಅವಳು ಏನ್ ಮಾಡ್ತಿದ್ದಾಳೆ?" ಸುಮ್ಮನೆ ಕೂತು ಕೇಳೋದೇ ಇಷ್ಟ ಅನ್ನುವವರೂ ಇರುತ್ತಾರೆ, ಅವರನ್ನು ಜಾಸ್ತಿ ಕೆದಕಬಾರದು. ಇನ್ನು ಕೊನೇ ಗಳಿಗೆಯಲ್ಲಿ ಬರಲ್ಲ ಅನ್ನುವವರು. ಮೂರು ಜನ ಇದ್ದರೂ ಆಟ ನಡೆಯುತ್ತದೆ, ಬಾರದವರ ಪಾತ್ರ ಕುದುರೆ ಕಾಯುತ್ತಾ ನಿಂತಿರುತ್ತದೆ.

ಇವೆಲ್ಲ ಮಾತಾಡಿ ಸರಿಮಾಡುವಂಥವು. ಒಂದು ಮಾತ್ರ ಹಾಗಲ್ಲ. ಒಬ್ಬ ಆಟಗಾರ ತನ್ನ ಪಾತ್ರದ ನೆಪದಲ್ಲಿ, ಗುಂಪಿನ ಹುಡುಗಿಯೊಬ್ಬಳ ಪಾತ್ರದ ಬಗ್ಗೆ ಅಸಹ್ಯ ಮಾತು ಶುರುಮಾಡಿದ. ನಮ್ಮ ಮೇಜಿನ ಮಧ್ಯೆ ಎಕ್ಸ್-ಕಾರ್ಡ್ ಇರುತ್ತದೆ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಪದ್ಧತಿ ಇದು: ಯಾರಿಗೇ ಆಗಲಿ ಏನೋ ಸರಿಬರದಿದ್ದರೆ ಆ ಚೀಟಿ ಮುಟ್ಟಿದರೆ ಸಾಕು, ಆ ವಿಷಯ ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇವೆ. ಕಾರಣ ಕೇಳೋ ಹಾಗಿಲ್ಲ. ಅವಳು ಮುಟ್ಟಿದಳು. ಅವನು "ಅಯ್ಯೋ, ಇದು ಆಟ ತಾನೇ" ಅಂತ ಅದೇ ಮಾತು ಮುಂದುವರಿಸಿದ. ನಾನು ಆ ದಿನದ ಆಟ ಅಲ್ಲಿಗೇ ನಿಲ್ಲಿಸಿದೆ.

ರಾತ್ರಿ ಮೊದಲು ಅವಳಿಗೆ ಫೋನ್ ಮಾಡಿ ಏನು ಬಯಸುತ್ತೀಯ ಅಂತ ಕೇಳಿದೆ. ಆಮೇಲೆ ಅವನಿಗೆ. "ಮುಂದಿನ ವಾರದಿಂದ ನೀನು ಬರೋದು ಬೇಡ. ಕಾರ್ಡ್ ಮುಟ್ಟಿದ ಮೇಲೂ ನಿಲ್ಲಿಸಲಿಲ್ಲ, ಅದಕ್ಕೆ." ಇಷ್ಟೇ ಹೇಳಿದೆ. ಅವನು ವಾದಿಸಿದ, ನಾನು ಅದೇ ಮಾತನ್ನು ಇನ್ನೊಮ್ಮೆ ಹೇಳಿ ಫೋನ್ ಇಟ್ಟೆ. ಇಂಥ ಫೋನಿನಲ್ಲಿ ಚೌಕಾಸಿಗೆ ಜಾಗ ಕೊಡಬಾರದು. ಗುಂಪಿನ ಇಬ್ಬರು, "ಹಳೇ ಫ್ರೆಂಡು ಗುರು, ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಹುದಿತ್ತು" ಅಂದರು. ಅಡ್ಜಸ್ಟ್ ಮಾಡ್ಕೋಬೇಕಾಗಿದ್ದು ಯಾರು ಅಂತ ಕೇಳಿದೆ. ನೊಂದವಳೇ ಪ್ರತಿ ಭಾನುವಾರ ಹಲ್ಲು ಕಚ್ಚಿ ಕೂರಬೇಕಾ? ಅದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. ಅವಳು ಆಟ ಬಿಡಲಿಲ್ಲ, ನನಗೆ ಅದೇ ದೊಡ್ಡ ಸಮಾಧಾನ.

ಆಮೇಲಿಂದ ಹೊಸಬರನ್ನು ನೇರವಾಗಿ ನಡೆಯುತ್ತಿರುವ ಕಥೆಗೆ ಸೇರಿಸೋದು ಬಿಟ್ಟೆವು. ಮೊದಲು ಒಂದೇ ದಿನದಲ್ಲಿ ಮುಗಿಯುವ ಸಣ್ಣ ಕಥೆ ಒಂದನ್ನು ಅವರ ಜೊತೆ ಆಡುತ್ತೇವೆ. ಪಾತ್ರಗಳನ್ನು ನಾನೇ ತಯಾರು ಮಾಡಿ ಇಟ್ಟಿರುತ್ತೇನೆ. ಶುರುವಿನಲ್ಲೇ ಕಾರ್ಡ್ ತೋರಿಸುತ್ತೇನೆ, ಕಥೆಯಲ್ಲಿ ಏನೇನು ಬರೋದೇ ಬೇಡ ಅಂತ ಎಲ್ಲರನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಮಾರನೇ ದಿನ ಗುಂಪಿನ ಒಬ್ಬೊಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ ಅಭಿಪ್ರಾಯ ಕೇಳುತ್ತೇನೆ. ಒಬ್ಬರು ಬೇಡ ಅಂದರೂ ಬೇಡ. ಹೊಸಬರಿಗೂ ಅದೇ ಪ್ರಶ್ನೆ: ನಮ್ಮ ಜೊತೆ ಆಡೋಕೆ ನಿಮಗೆ ಇಷ್ಟವಾಯ್ತಾ?