ದ್ವಿತೀಯ ಪಿಯುಸಿ ಒತ್ತಡ: ನಾನು ಗಂಟೆಗಳ ಲೆಕ್ಕದಿಂದ ಶುರುಮಾಡುತ್ತೇನೆ

ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಕ್ಕಳ ಜೊತೆ ಒತ್ತಡದ ವಿಷಯಕ್ಕೆ ಕೂತಾಗ ಮೊದಲು ಒಂದು ಬಿಳಿ ಹಾಳೆ ಕೊಡುತ್ತೇನೆ. ನಿನ್ನೆ ಎದ್ದಾಗಿನಿಂದ ಮಲಗುವ ತನಕ ಯಾವ ಗಂಟೆ ಎಲ್ಲಿ ಹೋಯಿತು, ಬರೆ ಅನ್ನುತ್ತೇನೆ. "ಟೆನ್ಷನ್ ಮಾಡ್ಕೋಬೇಡ" ಅಂದದ್ದರಿಂದ ಯಾರ ಟೆನ್ಷನ್ನೂ ಇಳಿದದ್ದನ್ನು ನಾನು ಕಂಡಿಲ್ಲ. ಲೆಕ್ಕ ಕಣ್ಣಿಗೆ ಕಂಡಾಗ ಇಳಿಯುತ್ತದೆ.

ಬೆಂಗಳೂರಿನ ವಿಜಯನಗರದಲ್ಲಿ ಮನೆ, ಜಯನಗರದಲ್ಲಿ ಕಾಲೇಜು ಅಂದುಕೊಳ್ಳಿ. 24 ಗಂಟೆಯಲ್ಲಿ ನಿದ್ದೆಗೆ 8, ಕಾಲೇಜಿಗೆ 7 ಹೋದರೆ 9 ಉಳಿಯಿತು. ಬಸ್ಸಿಗೆ ಕಾಯುವುದು, ಟ್ರಾಫಿಕ್ಕು, ನಡಿಗೆ ಎಲ್ಲ ಸೇರಿ ಹೋಗಿಬರಲು ಎರಡೂವರೆ. ಸ್ನಾನ, ತಿಂಡಿ, ಊಟಕ್ಕೆ ಎರಡು. ಟ್ಯೂಷನ್ ಇರುವ ದಿನ ಅದಕ್ಕೆ ಒಂದೂವರೆ. ಸುಮ್ಮನೆ ಕೂರಲು ಅರ್ಧ ಗಂಟೆಯಾದರೂ ಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು ಎರಡೂವರೆ ಗಂಟೆ. ಆದರೆ ಗೋಡೆಗೆ ಅಂಟಿಸಿದ ಟೈಮ್‌ಟೇಬಲ್‌ನಲ್ಲಿ ಆರು ಗಂಟೆ ಓದು ಅಂತ ಇರುತ್ತದೆ! ದಿನಾ ಮೂರೂವರೆ ಗಂಟೆಯ ಸಾಲ ಬೀಳುತ್ತದೆ, ವಾರ ಕಳೆಯುವಷ್ಟರಲ್ಲಿ "ನನ್ನಿಂದ ಆಗಲ್ಲ" ಅನ್ನುವ ಮಾತು ಬರುತ್ತದೆ. ಆ ಮಗು ಸೋಮಾರಿಯಲ್ಲ, ಟೈಮ್‌ಟೇಬಲ್ಲೇ ಸುಳ್ಳು.

ಹಾಗಾಗಿ ವಾರವನ್ನು ಒಟ್ಟಿಗೆ ಹಿಡಿಯುತ್ತೇವೆ. ಟ್ಯೂಷನ್ ಇರುವ ನಾಲ್ಕು ದಿನಕ್ಕೆ 10 ಗಂಟೆ, ಇಲ್ಲದ ಎರಡು ದಿನಕ್ಕೆ 8, ಭಾನುವಾರ 7, ಒಟ್ಟು 25. ಇದರಲ್ಲಿ 19 ಗಂಟೆಗೆ ಮಾತ್ರ ಓದು ಹಂಚಬೇಕು. ಉಳಿದ 6 ಖಾಲಿ ಇರಲಿ. ಜ್ವರ, ಮದುವೆ ಮನೆ, ಲ್ಯಾಬ್ ರೆಕಾರ್ಡ್ ಬರೆಯುವುದು, ಮಳೆಗೆ ಬಸ್ ನಿಂತದ್ದು ಎಲ್ಲಕ್ಕೂ ಆ ಆರೇ ಗಂಟೆ. ಖಾಲಿ ಬಿಡಲು ತಂದೆತಾಯಿಗೆ ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಲೇಬೇಕು, ಏಕೆಂದರೆ ಖಾಲಿ ಜಾಗವಿಲ್ಲದ ಯೋಜನೆ ಮೊದಲ ಮಂಗಳವಾರವೇ ಮುರಿಯುತ್ತದೆ.

ಆಮೇಲೆ ಪಾಠಗಳ ಎಣಿಕೆ. ಈಗಿನ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಭೌತಶಾಸ್ತ್ರ 14 ಅಧ್ಯಾಯ, ರಸಾಯನಶಾಸ್ತ್ರ 10, ಗಣಿತ 13, ಜೀವಶಾಸ್ತ್ರ 13. ಈ ನಾಲ್ಕೂ ಸೇರಿದ ಪಿಸಿಎಂಬಿಗೆ ಒಟ್ಟು 50. ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆ ಸಿಇಟಿಗೆ ಪ್ರಥಮ ಪಿಯುಸಿಯ ಪಾಠವೂ ಬರುತ್ತದೆ ಅನ್ನುವುದು ಹಲವರಿಗೆ ನೆನಪಾಗುವುದು ಜನವರಿಯಲ್ಲಿ, ಆಗ ಶುರುವಾಗುವ ಗಾಬರಿ ದೊಡ್ಡದು. ಜುಲೈನಿಂದಲೇ ಭಾನುವಾರದ 7 ಗಂಟೆಯಲ್ಲಿ 2 ಗಂಟೆ ಹಳೆಯ ಪಾಠಕ್ಕೆ ಎತ್ತಿಟ್ಟರೆ ಸಾಕು. ಬೋರ್ಡ್ ಪರೀಕ್ಷೆ, ಸಿಇಟಿ, ವೈದ್ಯಕೀಯ ಪ್ರವೇಶದ ನೀಟ್ ಮೂರಕ್ಕೂ ಬೇರೆಬೇರೆ ಓದು ಇಟ್ಟುಕೊಳ್ಳುವುದು ಇನ್ನೊಂದು ತಪ್ಪು. ಓದು ಒಂದೇ, ಅಭ್ಯಾಸದ ರೀತಿ ಬೇರೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ, ಒಂದನ್ನೂ ಬಿಟ್ಟು ಬರಬಾರದು. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ, ಗೊತ್ತಿಲ್ಲದ್ದನ್ನು ಬಿಡುವುದನ್ನೂ ಕಲಿಯಬೇಕು. ಎರಡನ್ನೂ ಒಂದೇ ದಿನ ಅಭ್ಯಾಸ ಮಾಡಿದರೆ ಕೈ ಗೊಂದಲಕ್ಕೆ ಬೀಳುತ್ತದೆ.

ಟೆಸ್ಟ್ ಪೇಪರ್ ಕೈಗೆ ಬಂದ ದಿನ ಅಂಕ ನೋಡಿ ಅಳುವ ಮಕ್ಕಳಿಗೆ ನಾನು ಮಾಡಿಸುವ ಕೆಲಸ ಒಂದೇ. 100 ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಸುತ್ತೇನೆ: ಗೊತ್ತೇ ಇರಲಿಲ್ಲ, ಗೊತ್ತಿತ್ತು ಮರೆಯಿತು, ಕಣ್ತಪ್ಪು. ಹೋದ ಪ್ರತಿ ಅಂಕವೂ ಈ ಮೂರರಲ್ಲಿ ಒಂದಕ್ಕೆ ಸೇರಬೇಕು. ಮೊದಲನೆಯದಕ್ಕೆ ಪಾಠ ಮತ್ತೆ ಓದಬೇಕು. ಎರಡನೆಯದಕ್ಕೆ ಓದಿ ಉಪಯೋಗವಿಲ್ಲ, ಪುಸ್ತಕ ಮುಚ್ಚಿ ಬರೆದು ನೋಡಬೇಕು. ಮಾರನೆ ದಿನ ಒಮ್ಮೆ, ನಾಲ್ಕನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ. ಮೂರನೆಯದು ಬಹುಪಾಲು ನಿದ್ದೆಗೆಟ್ಟ ಕಣ್ಣಿನದು. "70ಕ್ಕೆ 41" ಅನ್ನುವುದು ಹೆದರಿಸುವ ಸಂಖ್ಯೆ. ಅದನ್ನು ಬಿಡಿಸಿ 9 ಗೊತ್ತಿಲ್ಲ, 13 ಮರೆವು, 7 ಕಣ್ತಪ್ಪು ಎಂದು ಬರೆದಾಗ ನಾಳೆ ಏನು ಮಾಡಬೇಕು ಅನ್ನುವುದು ತಿಳಿಯುತ್ತದೆ.

ನಿದ್ದೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಈ ವಯಸ್ಸಿಗೆ 8 ಗಂಟೆಯಾದರೂ ಬೇಕು, ಹಗಲು ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ಆಗಲೇ. ರಾತ್ರಿ 8ಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಅಂದರೆ 1 ಗಂಟೆಗೂ ಅದು ಮೈಯಲ್ಲೇ ಇರುತ್ತದೆ. ಕೊನೆಯ ಲೋಟ ಸಂಜೆ 4ಕ್ಕೆ ಮುಗಿಯಲಿ. ರಾತ್ರಿ 1:30ಕ್ಕೆ ಮಲಗುವ ಹುಡುಗನಿಗೆ ಇವತ್ತಿನಿಂದ 10:30ಕ್ಕೆ ಮಲಗು ಅಂದರೆ ಸೂರು ನೋಡುತ್ತಾ ಬಿದ್ದಿರುತ್ತಾನೆ, ಅದೇ ಹೊಸ ಚಿಂತೆಯಾಗುತ್ತದೆ. ಏಳುವ ಸಮಯವನ್ನು ಮೊದಲು ಗಟ್ಟಿಮಾಡಿ, ಭಾನುವಾರವೂ ಅದೇ. ಮಲಗುವುದನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಮೂರು ಗಂಟೆ ಹಿಂದೆ ಬರಲು 36 ದಿನ ಬೇಕು, ಅದಕ್ಕೇ ಪರೀಕ್ಷೆಗೆ ಎರಡು ತಿಂಗಳ ಮುಂಚೆ ಶುರುಮಾಡಬೇಕು. ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ, ಅಲಾರಂಗೆ ಒಂದು ಗಡಿಯಾರ ತನ್ನಿ. ರಾತ್ರಿ 11ಕ್ಕೆ ವಾಟ್ಸಾಪ್ ಗುಂಪಿಗೆ ಬಂದು ಬೀಳುವ ರ‍್ಯಾಂಕ್ ಪಟ್ಟಿಯನ್ನು ಬೆಳಿಗ್ಗೆ ನೋಡಿದರೂ ರ‍್ಯಾಂಕ್ ಅಷ್ಟೇ ಇರುತ್ತದೆ.

ಮನೆ ಚಿಕ್ಕದು, ಟಿವಿ ಸದ್ದು ಅನ್ನುವವರಿಗೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯ ಇದೆ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವೂ ಇದೆ.

"ಪರೀಕ್ಷೆಯಲ್ಲಿ ಎಲ್ಲ ಬ್ಲ್ಯಾಂಕ್ ಆಗುತ್ತೆ" ಅನ್ನುವುದಕ್ಕೆ ನಾವು ಮಾಡುವ ಅಭ್ಯಾಸ ಹೀಗಿದೆ. ಪೆನ್ ಕೆಳಗಿಡಬೇಕು, ಎರಡೂ ಪಾದ ನೆಲಕ್ಕೆ ಊರಬೇಕು. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಆರು ಸಲಕ್ಕೆ ಒಂದು ನಿಮಿಷ. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಕೆಡುವುದು ಎರಡು ಕಡೆ. ಗಾಬರಿಯಲ್ಲಿ ದೊಡ್ಡದಾಗಿ, ಬೇಗಬೇಗ ಎಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿ ಹೆಚ್ಚುತ್ತದೆ. ಇನ್ನೊಂದು, ಇದನ್ನು ಹಾಲ್‌ನಲ್ಲೇ ಮೊದಲ ಸಲ ಮಾಡಲು ಹೋಗುವುದು. ತಿಂಗಳ ಮುಂಚಿನಿಂದ ದಿನಾ ಎರಡು ಹೊತ್ತು ಮಾಡಿದ್ದರೆ ಮಾತ್ರ ಅಲ್ಲಿ ಕೈಹಿಡಿಯುತ್ತದೆ. ಉಸಿರು ಹದಕ್ಕೆ ಬಂದ ಮೇಲೆ ಚೆನ್ನಾಗಿ ಗೊತ್ತಿರುವ ಒಂದು ಅಂಕದ ಪ್ರಶ್ನೆ ಬರೆಯಬೇಕು; ಕೈ ಓಡಿದರೆ ನೆನಪು ಹಿಂದೆಯೇ ಬರುತ್ತದೆ. 70 ಅಂಕದ ಪತ್ರಿಕೆಯಲ್ಲಿ 5 ಅಂಕದ ಪ್ರಶ್ನೆಗೆ 12 ನಿಮಿಷ, ಮೀರಿದರೆ ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ. ಪೂರ್ವಸಿದ್ಧತಾ ಪರೀಕ್ಷೆಯನ್ನು ಇದರ ತಾಲೀಮು ಅಂದುಕೊಳ್ಳಿ: ಅದೇ ಪೆನ್, ಅದೇ ಬಸ್, ಅದೇ ಇಡ್ಲಿ. ಆ ದಿನಗಳಲ್ಲಿ ಹೊಸ ತಿಂಡಿ ಬೇಡ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಂಕದ ಚರ್ಚೆಗೆ ಭಾನುವಾರ 20 ನಿಮಿಷ ಇಟ್ಟುಕೊಳ್ಳಿ, ಉಳಿದ ಆರು ದಿನ ಊಟದ ಹೊತ್ತಿಗೆ ಆ ಮಾತು ಬೇಡ. ಚಿಕ್ಕಪ್ಪನ ಮಗಳ ಅಂಕ ಯಾವ ದಿನವೂ ಬೇಡ.

ಎರಡು ವಾರಕ್ಕೂ ಮೀರಿ ಊಟ ಸೇರದೆ, ನಿದ್ದೆ ಬಾರದೆ, ಗೆಳೆಯರನ್ನೂ ದೂರ ಮಾಡಿ ಕೂತಿದ್ದರೆ ಟೈಮ್‌ಟೇಬಲ್ ತಿದ್ದುತ್ತಾ ಕೂರಬೇಡಿ. "ನಾನಿಲ್ಲದಿದ್ದರೇ ಚೆನ್ನಾಗಿತ್ತು" ಅನ್ನುವಂಥ ಮಾತು ಬಂದರೆ ಎರಡು ವಾರ ಕಾಯಲೂಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಆಗುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಫಲಿತಾಂಶದ ದಿನಕ್ಕೂ ಮೊದಲೇ ಸಿದ್ಧತೆ ಬೇಕು. ಯಾರು ನೋಡಬೇಕು, ಆಗ ಜೊತೆಯಲ್ಲಿ ಯಾರಿರಬೇಕು, ನೆಂಟರ ಫೋನ್ ಯಾರು ಎತ್ತಬೇಕು ಎಂಬುದನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ. 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅಂಕ ಅನುಮಾನ ಅನ್ನಿಸಿದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ವಿಷಯ ಬಲ್ಲ ಉಪನ್ಯಾಸಕರಿಗೆ ತೋರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ಕೊನೆಯ ದಿನಾಂಕಗಳನ್ನು ಅಪ್ಪನೋ ಅಕ್ಕನೋ ಬರೆದಿಟ್ಟುಕೊಳ್ಳಲಿ. ಆ ಸಂಜೆ ಮಗುವಿಗೆ ಬೇರೆ ಕೆಲಸ ಕೊಡಬೇಡಿ, ಜೊತೆಗೆ ಕೂತು ಊಟ ಮಾಡಿ.