ಫೈರ್‌ವಾಲ್ ಸರ್ವೀಸ್‌ನ ಕೋಡ್ ರಿವ್ಯೂ ಮಾಡುವುದು ಹೇಗೆ?

ಲಿನಕ್ಸ್ ಫೈರ್‌ವಾಲ್ ನಿಯಮಗಳನ್ನು ನೋಡಿಕೊಳ್ಳುವ ಸರ್ವೀಸ್‌ನ ಕೋಡ್ ರಿವ್ಯೂಗೆ ಬಂದರೆ ಕಣ್ಣು ಮೊದಲು ಹೋಗುವುದು ಪೋರ್ಟ್‌ಗಳ ಪಟ್ಟಿಯ ಕಡೆಗೆ. ಅದು ಆಮೇಲೆ. ಕೆಲಸ ಅರ್ಧಕ್ಕೆ ನಿಂತರೆ ಮೆಷಿನ್ ಯಾವ ಸ್ಥಿತಿಯಲ್ಲಿ ಉಳಿಯುತ್ತದೆ ಅಂತ ಮೊದಲು ನೋಡಿ.

ನಿಯಮ ಬದಲಿಸುವ ಫಂಕ್ಷನ್ ಹುಡುಕಿ. ಹಳೆಯದನ್ನೆಲ್ಲ ಫೈರ್‌ವಾಲ್ ಕಮಾಂಡ್ ‘ಐಪಿಟೇಬಲ್ಸ್ ಮೈನಸ್ ಎಫ್’ನಿಂದ (ದೊಡ್ಡಕ್ಷರದ ಎಫ್) ಅಳಿಸಿ, ಹೊಸದನ್ನು ಲೂಪ್‌ನಲ್ಲಿ ಒಂದೊಂದಾಗಿ ಸೇರಿಸುತ್ತಿದೆಯೇ? ಹಾಗಿದ್ದರೆ ಅಲ್ಲೇ ನಿಲ್ಲಿ. ಮೈನಸ್ ಎಫ್ ಚೈನ್‌ನ (ನಿಯಮಗಳ ಸಾಲಿನ) ಡೀಫಾಲ್ಟ್ ಪಾಲಿಸಿಯನ್ನು, ಅಂದರೆ ಯಾವ ನಿಯಮಕ್ಕೂ ಸಿಗದ ಪ್ಯಾಕೆಟ್ ಅನ್ನು ಏನು ಮಾಡಬೇಕು ಎಂಬುದನ್ನು, ಮುಟ್ಟುವುದಿಲ್ಲ. ಪಾಲಿಸಿ ಡ್ರಾಪ್ (ತಡೆ) ಆಗಿದ್ದು, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ನಿಯಮ ಸೇರುವ ಮೊದಲೇ ಪ್ರೋಗ್ರಾಂ ಕ್ರ್ಯಾಶ್ ಆದರೆ ನಿಮಗೇ ಒಳಗೆ ಹೋಗಲಾಗದು. ಅಕ್ಸೆಪ್ಟ್ (ಒಳಗೆ ಬಿಡು) ಆಗಿದ್ದರೆ ಇನ್ನೂ ಕಷ್ಟ. ಎಲ್ಲವೂ ತೆರೆದಿರುತ್ತದೆ, ಯಾರೂ ದೂರು ಕೊಡುವುದಿಲ್ಲ!

ಇದಕ್ಕೆ ಐಪಿಟೇಬಲ್ಸ್‌ನ ಜಾಗಕ್ಕೆ ಬಂದ ಎನ್‌ಎಫ್‌ಟೇಬಲ್ಸ್‌ನ ಕಮಾಂಡ್ ‘ಎನ್‌ಎಫ್‌ಟಿ ಮೈನಸ್ ಎಫ್’ ಇದೆ. ಇಲ್ಲಿ ಚಿಕ್ಕಕ್ಷರದ ಮೈನಸ್ ಎಫ್ ಅಂದರೆ ಫೈಲ್ ಓದು ಅಂತ, ಗೊಂದಲ ಬೇಡ. ಇಡೀ ಫೈಲ್ ಒಂದೇ ಏಟಿಗೆ ಜಾರಿಯಾಗುತ್ತದೆ, ತಪ್ಪಿದ್ದರೆ ಏನೂ ಬದಲಾಗುವುದಿಲ್ಲ. ಎನ್‌ಎಫ್‌ಟೇಬಲ್ಸ್ 2014ರ ಕರ್ನಲ್ 3.13ರಿಂದಲೇ ಇದೆ, ಹಾಗಾಗಿ ‘ನಮ್ಮಲ್ಲಿ ಇಲ್ಲ’ ಎಂಬ ಮಾತನ್ನು ಸುಲಭಕ್ಕೆ ಒಪ್ಪಬೇಡಿ. ಫೈಲ್‌ನ ಮೊದಲ ಸಾಲು ‘ಫ್ಲಶ್ ರೂಲ್‌ಸೆಟ್’ ಆಗಿದ್ದರೆ ಮಾತ್ರ ತಡೆಯಿರಿ. ಅದು ಕಂಟೇನರ್ ಓಡಿಸುವ ಡಾಕರ್‌ನಂಥ ಬೇರೆಯವರು ಹಾಕಿದ ನಿಯಮಗಳನ್ನೂ ಗುಡಿಸಿ ಹಾಕಬಹುದು. ಸರ್ವೀಸ್ ತನ್ನದೇ ಟೇಬಲ್ ಅನ್ನು ಮಾತ್ರ ಅಳಿಸಬೇಕು.

ಮುಂದೆ, ಕಾನ್ಫಿಗ್‌ನಿಂದ ಬರುವ ಮೌಲ್ಯಗಳು. ಅವನ್ನು ಸ್ಟ್ರಿಂಗ್‌ಗೆ ಅಂಟಿಸಿ ಶೆಲ್‌ಗೆ ಕೊಟ್ಟರೆ ಬೇರೆ ಕಮಾಂಡ್ ನುಸುಳುವ ದಾರಿ ಆಯಿತು, ಅದೂ ರೂಟ್ ಅಧಿಕಾರದಲ್ಲಿ. ಇನ್ನೊಂದು ತಪ್ಪು ಸುಲಭಕ್ಕೆ ಕಾಣುವುದಿಲ್ಲ. ‘ಮೂಲ ವಿಳಾಸ ಇದ್ದರೆ ಮೈನಸ್ ಎಸ್ ಸೇರಿಸು’ ಎಂಬ ಇಫ್ ನೋಡಲು ಸಭ್ಯವಾಗಿಯೇ ಇರುತ್ತದೆ. ವಿಳಾಸ ಖಾಲಿಯಾಗಿ ಬಂದರೆ? ಒಬ್ಬರಿಗೆ ಬರೆದ ಅನುಮತಿ ಜಗತ್ತಿಗೆಲ್ಲ ಸಿಗುತ್ತದೆ. ಖಾಲಿ ಇದ್ದರೆ ಎರರ್ ಕೊಡಲಿ.

ಐಪಿಟೇಬಲ್ಸ್ ಐಪಿವಿ4ಕ್ಕೆ ಮಾತ್ರ, ಐಪಿವಿ6ಕ್ಕೆ ಬೇರೆ ಕಮಾಂಡ್ ಇದೆಯೇ ನೋಡಿ. ಆದರೆ ಐಸಿಎಂಪಿವಿ6 (ಅಕ್ಕಪಕ್ಕದ ಮೆಷಿನ್‌ಗಳನ್ನು ಹುಡುಕಲು ಐಪಿವಿ6 ಬಳಸುವ ಸಂದೇಶಗಳು) ಪೂರ್ತಿ ಮುಚ್ಚಿದರೆ ಐಪಿವಿ6 ನೆಟ್‌ವರ್ಕೇ ನಿಂತುಹೋಗುತ್ತದೆ.

ಸರ್ವೀಸ್ ಯಾವಾಗ, ಹೇಗೆ ಶುರುವಾಗಬೇಕು ಅಂತ ಹೇಳುವ ಸಿಸ್ಟಮ್‌ಡಿ ಯೂನಿಟ್ ಫೈಲ್ ಚಿಕ್ಕದು ಅಂತ ಸುಮ್ನೆ ದಾಟಬೇಡಿ. ನೆಟ್‌ವರ್ಕ್ ಏಳುವ ಮೊದಲೇ ನಿಯಮ ಬರಬೇಕಾದರೆ ‘ನೆಟ್‌ವರ್ಕ್-ಪ್ರೀ ಟಾರ್ಗೆಟ್’ಗೆ ಬಿಫೋರ್, ವಾಂಟ್ಸ್ ಎಂಬ ಎರಡೂ ಸಾಲು ಬೇಕು. ಸರ್ವೀಸ್ ನಿಲ್ಲುವಾಗ ಓಡುವ ಎಕ್ಸೆಕ್‌ಸ್ಟಾಪ್ ನಿಯಮಗಳನ್ನು ಅಳಿಸುತ್ತಿದ್ದರೆ ಪ್ರತಿ ರೀಸ್ಟಾರ್ಟ್‌ನಲ್ಲೂ ಫೈರ್‌ವಾಲ್ ಇಲ್ಲದ ಕ್ಷಣವೊಂದು ಇರುತ್ತದೆ.

ಕೊನೆಗೆ ‘ಅನ್‌ಶೇರ್ ಮೈನಸ್ ಎನ್’ ಬಳಸಿ ಬೇರೆಯದೇ ನೆಟ್‌ವರ್ಕ್ ನೇಮ್‌ಸ್ಪೇಸ್‌ನಲ್ಲಿ (ಮೆಷಿನ್‌ನ ಅಸಲಿ ನೆಟ್‌ವರ್ಕ್‌ಗೆ ತಾಗದ ಜಾಗದಲ್ಲಿ) ಓಡಿಸಿ. ನಡುವೆ ‘ಕಿಲ್ ಮೈನಸ್ 9’ ಕೊಟ್ಟು ಬಲವಂತವಾಗಿ ನಿಲ್ಲಿಸಿ, ಉಳಿದ ನಿಯಮಗಳ ಪಟ್ಟಿಯನ್ನು ರಿವ್ಯೂ ಕಾಮೆಂಟ್‌ನಲ್ಲೇ ಹಾಕಿ.